ಖಾರದ ಸೀಮೆಯ ಸಪ್ಪನ ಮಾತು

ರಾಯಚೂರು ಸೀಮೆಯಲ್ಲಿ ಮನಸ್ಸಿನ ಸಂಕಟಕ್ಕೂ ಬೇಳೆಗೆ ಉಪ್ಪು ಕಡಿಮೆಯಾದದ್ದಕ್ಕೂ ಒಂದೇ ಪದ. ತವರಿಗೆ ಬಂದ ಮಗಳನ್ನು ಕಂಡ ಕೂಡಲೇ ತಾಯಿ "ಯಾಕವ್ವ, ಮಾರಿ ಸಪ್ಪಗ ಮಾಡೀದಿ?" ಎಂದು ಕೇಳುತ್ತಾಳೆ. ಊಟಕ್ಕೆ ಕೂತಾಗ ಅದೇ ತಾಯಿ "ಬ್ಯಾಳಿ ಸಪ್ಪಗಾಗ್ಯದ, ಚೂರು ಉಪ್ಪು ಹಾಕ್ಕೋ" ಎನ್ನುತ್ತಾಳೆ. ಹತ್ತಿ ದರ ಬಿದ್ದ ವಾರ ಗಂಜ್‌ನಲ್ಲಿ ಕೂತ ವ್ಯಾಪಾರಿ "ಮಾರ್ಕೆಟ್ ಸಪ್ಪಗ ಅದ" ಎಂದು ಲೆಕ್ಕದ ಪುಸ್ತಕ ಮುಚ್ಚುತ್ತಾನೆ. ಮಳೆ ಕೈಕೊಟ್ಟ ವರ್ಷ ದೇವದುರ್ಗದ ಹಳ್ಳಿಗಳಲ್ಲಿ "ಈ ಸಲ ಜಾತ್ರಿ ಸಪ್ಪಗಾತು" ಎಂಬ ಮಾತು ಕೇಳುತ್ತದೆ. ಸದಾ ಮಾತಾಡುವ ಹುಡುಗ ಸುಮ್ಮನಾದರೆ "ಸಪ್ಪಳ ಇಲ್ಲದಂಗ ಸಪ್ಪಗ ಕುಂತಾನ" ಎನ್ನುತ್ತಾರೆ. ಜ್ವರ ಬಿಟ್ಟ ಕೂಸಿಗೆ ಅಜ್ಜಿ "ಸಪ್ಪನ್ನ ಗಂಜಿ ಕುಡಸ್ರಿ" ಎಂದು ಹೇಳುವಾಗ ಮಾತ್ರ ಆ ಪದದಲ್ಲಿ ದೂರು ಇರುವುದಿಲ್ಲ, ಮಮತೆ ಇರುತ್ತದೆ.

ದೂರು ಮತ್ತು ಮಮತೆ ಎರಡನ್ನೂ ಹೊತ್ತ ಈ ಪದವನ್ನು ನಾವು ದಿನವೂ ಬಳಸುತ್ತೇವೆ, ಅದರ ಒಳಗನ್ನು ನೋಡುವುದು ಕಡಿಮೆ. ಖಾರಕ್ಕೆ, ಬಿಸಿಲಿಗೆ, ಖಡಕ್ ಮಾತಿಗೆ ಹೆಸರಾದ ಸೀಮೆ ನಮ್ಮದು. ರೊಟ್ಟಿ ಖಡಕ್ ಇರಬೇಕು, ಚಾ ಖಡಕ್ ಇರಬೇಕು, ಅಧಿಕಾರಿಯೂ ಖಡಕ್ ಇದ್ದರೆ ಚೆನ್ನ ಎನ್ನುವ ಜನ ನಾವು. ಹಾಗಿರುವಾಗ ಸಪ್ಪಗಿರುವುದೆಲ್ಲ ಕೊರತೆಯ ಪಟ್ಟಿಗೆ ಸೇರುವುದು ಸಹಜವೆನ್ನಿಸುತ್ತದೆ. ಆದರೆ ಇಲ್ಲಿನ ತಾಟು, ಇಲ್ಲಿನ ಕಥೆಗಳು, ಇಲ್ಲಿನ ಆರೈಕೆ ನಿಂತಿರುವುದು ಸಪ್ಪನದರ ಮೇಲೆಯೇ ಎಂಬುದು ನನ್ನ ದೃಢವಾದ ನಂಬಿಕೆ.

ಮೊದಲು ಪದದ ಬಳಗ ನೋಡೋಣ. ಬರಹದ ಕನ್ನಡದಲ್ಲಿ ಇದರ ರೂಪ 'ಸಪ್ಪೆ'. ಫರ್ಡಿನಾಂಡ್ ಕಿಟ್ಟೆಲ್ 1894ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದ ನಿಘಂಟಿನಲ್ಲಿ ಸಪ್ಪೆ, ಚಪ್ಪೆ ಎರಡೂ ಸಿಗುತ್ತವೆ. ಕರಾವಳಿಯ ಕನ್ನಡದಲ್ಲೂ ತುಳುವಿನಲ್ಲೂ ಇಂದಿಗೂ 'ಚಪ್ಪೆ'ಯೇ ನಡೆಯುತ್ತದೆ. ತೆಲುಗಿನಲ್ಲಿ 'ಚಪ್ಪ', 'ಚಪ್ಪಗಾ'. ತಮಿಳರು ರುಚಿಯಿಲ್ಲದ್ದನ್ನೂ ನಿರೀಕ್ಷೆ ಹುಸಿಯಾದದ್ದನ್ನೂ 'ಸಪ್ಪೆಂಡ್ರು' ಎನ್ನುತ್ತಾರೆ. ಬರೊ ಮತ್ತು ಎಮಿನೊ 1961ರಲ್ಲಿ ಹೊರತಂದ ದ್ರಾವಿಡ ಭಾಷೆಗಳ ಜ್ಞಾತಿಪದ ಕೋಶ ಇವುಗಳನ್ನೆಲ್ಲ ಒಂದೇ ಮನೆಯ ಮಕ್ಕಳೆಂದು ಸೇರಿಸಿದೆ. ಅಂದರೆ ಇದು ಎಲ್ಲಿಂದಲೋ ಬಂದ ಪದವಲ್ಲ, ದಕ್ಷಿಣದ ನಾಲಗೆಯಲ್ಲಿ ಬಹು ಹಿಂದಿನಿಂದ ಬೇರುಬಿಟ್ಟದ್ದು. ಹೊಲದಲ್ಲಿ ತೆನೆ ಮುರಿದ ಮೇಲೆ ಉಳಿಯುವ ಜೋಳದ ದಂಟನ್ನು ನಾವು 'ಸೊಪ್ಪಿ' ಎನ್ನುತ್ತೇವಲ್ಲ, ಅದು ಬೇರೆ ಪದ. ತೆಲುಗಿನಲ್ಲಿ ಅದಕ್ಕೆ 'ಚೊಪ್ಪ'. ಎತ್ತಿನ ಮೇವಿಗೂ ಮನುಷ್ಯರ ಬೇಸರಕ್ಕೂ ನಂಟು ಹಾಕುವ ಅಗತ್ಯವಿಲ್ಲ.

ರಾಯಚೂರು ನಗರದಲ್ಲಿ ಈ ಪದ ಒಂಟಿಯಾಗಿ ಓಡಾಡುವುದಿಲ್ಲ. ಕೋಟೆ ಗೋಡೆಯಲ್ಲಿರುವ 41 ಅಡಿಗೂ ಉದ್ದದ ಕಲ್ಲಿನ ಮೇಲೆ 1294ರ ಶಾಸನವಿದೆ. ಕಾಕತೀಯರ ಕಾಲದ ಗೊರೆ ಗಂಗಯ್ಯ ರೆಡ್ಡಿಯ ಅಪ್ಪಣೆಯಂತೆ ಕೋಟೆ ಕಟ್ಟಿದ್ದನ್ನು ಹೇಳುವ ಆ ಶಾಸನ ತೆಲುಗಿನಲ್ಲಿದೆ. ಬಹಮನಿಗಳು, ಆದಿಲ್‌ಶಾಹಿಗಳು, ಆಮೇಲೆ ನಿಜಾಮರು ಆಳಿದ್ದರಿಂದ ಉರ್ದು, ದಖ್ಖನಿ ಬೀದಿಯ ಭಾಷೆಗಳಾದವು. 1871ರಲ್ಲಿ ಮುಂಬೈ ಕಡೆಯ ರೈಲು ಹಳಿಯೂ ಮದ್ರಾಸ್ ಕಡೆಯದೂ ಇದೇ ಊರಿನಲ್ಲಿ ಕೂಡಿಕೊಂಡವು, ಇನ್ನಷ್ಟು ನಾಲಗೆಗಳು ಬಂದಿಳಿದವು. 1948ರ ಸೆಪ್ಟೆಂಬರ್ 17ರವರೆಗೆ ಹೈದರಾಬಾದ್ ಸಂಸ್ಥಾನ, 1956ರ ನವೆಂಬರ್ 1ರಿಂದ ಕನ್ನಡ ನಾಡು. ಇದರ ಫಲವಾಗಿ ತೀನ್ ಕಂದೀಲ್ ಸುತ್ತಮುತ್ತಲಿನ ಹೋಟೆಲಿನಲ್ಲಿ ಒಂದೇ ಸಾರನ್ನು ಒಬ್ಬರು 'ಸಪ್ಪಗ ಅದ' ಎಂದರೆ, ಪಕ್ಕದವರು 'ಚಪ್ಪಗಾ ಉಂದಿ' ಎಂದು, ಎದುರಿನವರು 'ಫೀಕಾ ಹೈ' ಎಂದು ಹೇಳಬಹುದು. ಮಾಣಿಗೆ ಮೂರೂ ಅರ್ಥವಾಗುತ್ತವೆ.

ಈ ಮೂರು ಒಂದರ ಜಾಗದಲ್ಲಿ ಒಂದು ಕೂರುವಂಥವಲ್ಲ ಎಂಬುದನ್ನು ಗಮನಿಸಬೇಕು. ಸಕ್ಕರೆ ಇಲ್ಲದ ಚಹಾಕ್ಕೆ 'ಫೀಕಿ ಚಾಯ್' ಎನ್ನುವುದು ಉರ್ದುವಿನಲ್ಲಿ ಸಲೀಸು, ಮಾಸಿದ ಬಣ್ಣಕ್ಕೂ ಅದೇ ಫೀಕಾ. ನಮ್ಮ 'ಸಪ್ಪಗ' ಬಣ್ಣಕ್ಕೆ ಅಷ್ಟಾಗಿ ಹೋಗುವುದಿಲ್ಲ. ಅದು ಮುಖಕ್ಕೆ, ಮನಸ್ಸಿಗೆ, ಮನೆಯ ಗದ್ದಲಕ್ಕೆ ಹೋಗುತ್ತದೆ. ಮದುವೆ ಮುಗಿದು ನೆಂಟರೆಲ್ಲ ಹೊರಟ ಮರುದಿನ "ಮನಿ ಸಪ್ಪಗ ಅನಸ್ತದ" ಎನ್ನುವಾಗಿನ ಭಾವಕ್ಕೆ ಉರ್ದುವಿನಲ್ಲಿ ಬೇರೆಯೇ ಪದ ಹುಡುಕಬೇಕು.

ಇಲ್ಲೊಂದು ವಿಚಿತ್ರ ಸಂಗತಿಯಿದೆ. ನಮ್ಮ ಆಯುರ್ವೇದ ಲೆಕ್ಕ ಹಾಕಿದ ಆರು ರಸಗಳಲ್ಲಿ ಸಪ್ಪೆಗೆ ಜಾಗವಿಲ್ಲ. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಇವಿಷ್ಟೇ. ಸಪ್ಪೆ ರಸವಲ್ಲ, ರಸವಿಲ್ಲದ ಸ್ಥಿತಿ ಎಂದು ಇದಕ್ಕೆ ಸಮಾಧಾನ ಹೇಳಬಹುದು. ನೀರಿಗೆ ಬಣ್ಣವಿಲ್ಲದಿರುವುದರಿಂದಲೇ ಎಲ್ಲ ಬಣ್ಣವೂ ಅದರಲ್ಲಿ ಕಾಣಿಸಿಕೊಳ್ಳುವಂತೆ, ಉಳಿದ ಆರೂ ರುಚಿಗಳು ತಮ್ಮನ್ನು ತೋರಿಸಿಕೊಳ್ಳುವುದು ಸಪ್ಪೆಯ ಮೇಲೆ. ಚೀನಾದ ಹಳೆಯ ಚಿಂತಕರು ಇದನ್ನು ಬಹಳ ಗಂಭೀರವಾಗಿ ತೆಗೆದುಕೊಂಡಿದ್ದರು. ಕಾವ್ಯ, ಸಂಗೀತ, ಚಿತ್ರಗಳಲ್ಲಿ ಸಪ್ಪನೆಯ ಗುಣವನ್ನು ಅವರು ಹಿರಿದೆಂದು ಎಣಿಸಿದ್ದನ್ನು ಕುರಿತು ಫ್ರಾನ್ಸಿನ ತತ್ತ್ವಶಾಸ್ತ್ರಜ್ಞ ಫ್ರಾಂಸ್ವಾ ಜೂಲಿಯಾಂ 1991ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಇಂಗ್ಲಿಷಿನ 'ಬ್ಲ್ಯಾಂಡ್' ಎಂಬ ಪದದ ಮೂಲವಾದ ಲ್ಯಾಟಿನ್ ಪದಕ್ಕೆ ಮೃದು, ನಯ, ಹಿತ ಎಂಬ ಅರ್ಥಗಳಿದ್ದವು. ರುಚಿಯಿಲ್ಲದ್ದು, ನೀರಸವಾದದ್ದು ಎಂಬ ಬೈಗುಳ ಅದಕ್ಕೆ ಆಮೇಲೆ ಅಂಟಿಕೊಂಡಿತು. ಹಿತವಾದದ್ದು ನೀರಸವಾಗಿ ಕಾಣತೊಡಗುವುದು ಒಂದೇ ಭಾಷೆಯ ಪಾಡಲ್ಲ ಎಂದಾಯಿತು.

ಕನ್ನಡ ಈ ಎರಡನ್ನು ಪೂರ್ತಿ ಬೆರೆಸಿಬಿಟ್ಟಿಲ್ಲ. ಹಿತವಾದದ್ದಕ್ಕೆ ನಮ್ಮಲ್ಲಿ 'ತಂಪು', 'ತಣ್ಣಗ', 'ಮೆತ್ತಗ' ಎಂಬ ಮಾತುಗಳಿವೆ. ಹಸಿದವರಿಗೆ ಒಂದು ತುತ್ತು ಕೊಟ್ಟರೆ "ನಿನ್ನ ಹೊಟ್ಟಿ ತಣ್ಣಗಿರಲಿ" ಎಂದು ಹರಸುತ್ತಾರೆ. ಬೇಸಿಗೆಯಲ್ಲಿ ಪಾರಾ 43–44 ಡಿಗ್ರಿ ಮುಟ್ಟುವ ಊರಿನಲ್ಲಿ ತಣ್ಣಗಿರಲಿ ಎನ್ನುವುದಕ್ಕಿಂತ ದೊಡ್ಡ ಆಶೀರ್ವಾದ ಯಾವುದಿದೆ? ಹೊಟ್ಟೆಯನ್ನು ತಣ್ಣಗಿಡುವ ಪದಾರ್ಥಗಳನ್ನು ಸಾಲಾಗಿಟ್ಟು ನೋಡಿದರೆ ನುಚ್ಚು, ಅಂಬಲಿ, ಮಜ್ಜಿಗೆ, ಗಂಜಿ ಎಲ್ಲವೂ ಸಪ್ಪನವೇ. ಆಶೀರ್ವಾದದಲ್ಲಿ ತಂಪಾಗಿರುವುದು ತಾಟಿನಲ್ಲಿ ಸಪ್ಪಗಿರುತ್ತದೆ.

ತಾಟಿನ ನಡುವೆ ಇರುವ ಜೋಳದ ರೊಟ್ಟಿಯನ್ನೇ ನೋಡಿ. ನಮ್ಮ ಕಡೆ ರೊಟ್ಟಿ ಹಿಟ್ಟಿಗೆ ಉಪ್ಪು ಹಾಕುವ ರೂಢಿ ಸಾಮಾನ್ಯವಾಗಿ ಇಲ್ಲ. ಎಣ್ಣೆ ಇಲ್ಲ, ಖಾರ ಇಲ್ಲ. ಜೋಳದಲ್ಲಿ ಗೋಧಿಯ ಹಾಗೆ ಜಿಗುಟಾದ ಅಂಶವಿಲ್ಲದ ಕಾರಣ ಕುದಿಯುವ ನೀರು ಸುರಿದು ಹಿಟ್ಟಿನ ಪಿಷ್ಟವನ್ನು ಅಂಟಾಗಿಸಿ, ಚೆನ್ನಾಗಿ ನಾದಿ, ಅಂಗೈಯಿಂದ ಬಡಿದು ಅಗಲ ಮಾಡಿ, ಹಂಚಿಗೆ ಹಾಕಿ ಮೇಲ್ಮೈಗೆ ನೀರು ಸವರುತ್ತಾರೆ. ಹಿಟ್ಟು ಮತ್ತು ನೀರು, ಮುಗಿಯಿತು. ಹಿಂಗಾರಿ ಜೋಳ ಹೊಸದಾಗಿದ್ದರೆ ರೊಟ್ಟಿಯಲ್ಲೇ ಒಂದು ಸಣ್ಣ ಸಿಹಿ ಇರುತ್ತದೆ, ಅದನ್ನು ಗುರುತಿಸಬೇಕಾದರೆ ಬರೀ ರೊಟ್ಟಿಯ ಒಂದು ಚೂರು ಅಗಿಯಬೇಕು. ಈ ಸಪ್ಪನ ರೊಟ್ಟಿ ಇರುವುದರಿಂದಲೇ ಕೆಂಪು ಖಾರದ ರಂಜಕ, ಹುಳಿಯಾದ ಪುಂಡಿಪಲ್ಯ, ಗುರೆಳ್ಳು ಪುಡಿ, ಶೇಂಗಾ ಹಿಂಡಿ ಬಾಯಿಗೆ ಹಿಡಿಸುತ್ತವೆ. ರಂಜಕವನ್ನು ಬರಿದೇ ತಿನ್ನುವವರು ಯಾರೂ ಇಲ್ಲ. ನಮ್ಮ ಊಟವನ್ನು ಖಾರದ ಊಟ ಎಂದು ಹೊರಗಿನವರು ಕರೆಯುತ್ತಾರೆ, ನಾವೂ ಹೆಮ್ಮೆಯಿಂದ ಒಪ್ಪುತ್ತೇವೆ. ತೂಕ ಹಾಕಿದರೆ ತಾಟಿನ ಬಹುಪಾಲು ಸಪ್ಪನದೇ ಆಗಿರುತ್ತದೆ.

'ಸಪ್ಪನ ಬ್ಯಾಳಿ' ಎಂಬ ಅಡುಗೆಯ ಹೆಸರಲ್ಲೇ ಈ ಪದವಿದೆ. ತೊಗರಿ ಬೇಳೆ ಮೆತ್ತಗೆ ಬೇಯಿಸಿ, ಖಾರ ಮಸಾಲೆ ಬಿಟ್ಟು, ಹದವಾಗಿ ಉಪ್ಪು ಅರಿಶಿನ ಹಾಕಿ ಇಡುವ ಬೇಳೆ. ಇದನ್ನು ಯಾರೂ ಕೆಟ್ಟ ಅಡುಗೆ ಎನ್ನುವುದಿಲ್ಲ. ಇಲ್ಲಿ 'ಸಪ್ಪನ' ಎಂದರೆ ಉಪ್ಪಿಲ್ಲದ್ದು ಎಂದಲ್ಲ, ಖಾರವಿಲ್ಲದ್ದು ಎಂದು. ಈ ವ್ಯತ್ಯಾಸವನ್ನು ನೆನಪಿನಲ್ಲಿಡಬೇಕು, ಮುಂದೆ ಅದೇ ದೊಡ್ಡ ಪ್ರಶ್ನೆಯಾಗುತ್ತದೆ.

ಖಾರ ನಮ್ಮ ಮಣ್ಣಿನ ಹುಟ್ಟುಗುಣ ಎಂಬ ಭಾವನೆ ಹಲವರಲ್ಲಿದೆ. ಕೆಂಪು ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ, 1498ರ ನಂತರ ಪೋರ್ಚುಗೀಸರ ಹಡಗುಗಳಲ್ಲಿ ಭಾರತದ ಪಶ್ಚಿಮ ತೀರಕ್ಕೆ ಬಂದದ್ದು. 1520ರಲ್ಲಿ ರಾಯಚೂರು ಕೋಟೆಗಾಗಿ ಕೃಷ್ಣದೇವರಾಯನಿಗೂ ಇಸ್ಮಾಯಿಲ್ ಆದಿಲ್ ಶಾಹನಿಗೂ ಯುದ್ಧವಾದಾಗ ಫಿಗೆರೆಡೊ ಎಂಬ ಪೋರ್ಚುಗೀಸನ ಕೋವಿಕಾರರು ರಾಯನ ಪರ ಕಾದಿದರೆಂದು ಪೋರ್ಚುಗೀಸ್ ಬರಹಗಾರ ನೂನಿಜ್ ಬರೆದಿದ್ದಾನೆ. ಮೆಣಸಿನಕಾಯಿ ತಂದವರ ಕೋವಿ ರಾಯಚೂರಿಗೆ ಬಂದಿತ್ತು, ಮೆಣಸಿನಕಾಯಿ ಇನ್ನೂ ಇಲ್ಲಿನ ಹೊಲಗಳಿಗೆ ಇಳಿದಿರಲಾರದು. ಆ ಕಾಲದ ಖಾರ ಕರಿಮೆಣಸಿನದು. ಹೊಸ ಕಾಯಿಗೆ 'ಮೆಣಸಿನಕಾಯಿ' ಎಂದು ಹೆಸರಿಟ್ಟಿದ್ದೇ ಹಳೆಯ ಮೆಣಸನ್ನು ನೆನೆದು. ಇಂದು ಕಾಲುವೆ ನೀರು ಬಂದ ದೇವದುರ್ಗ, ಮಾನ್ವಿ ಕಡೆಯ ಹೊಲಗಳಲ್ಲಿ ಹತ್ತಿಯ ಜೊತೆಗೆ ಮೆಣಸಿನಕಾಯಿಯೂ ಬೆಳೆದು ಬ್ಯಾಡಗಿ, ಗುಂಟೂರು ಮಾರುಕಟ್ಟೆ ಕಾಣುತ್ತದೆ. ಜೋಳ ಅದಕ್ಕಿಂತ ಎಷ್ಟೋ ಸಾವಿರ ವರ್ಷ ಹಿರಿಯ. ಆಫ್ರಿಕಾದಲ್ಲಿ ಹುಟ್ಟಿ ಭಾರತಕ್ಕೆ ಬಂದು ದಖ್ಖನ್ನಿನ ಎರೆಮಣ್ಣಿಗೆ ಒಗ್ಗಿಕೊಂಡ ಧಾನ್ಯ ಅದು. ಹಾಗಾಗಿ ನಮ್ಮ ಸೀಮೆಯಲ್ಲಿ ಸಪ್ಪನದು ಹಳೆಯದು, ಈಗಿನ ಕೆಂಪು ಖಾರ ಹೊಸದು.

ಖಾರ ತಿಂದಾಗ ಬಾಯಿ ಉರಿಯುವುದು ರುಚಿಯಿಂದಲ್ಲ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಎಂಬ ವಸ್ತು ಬಿಸಿಯನ್ನು ಗುರುತಿಸುವ ನರಗಳ ಮೇಲಿನ ಗ್ರಾಹಕವನ್ನು ತಟ್ಟಿ, ಬೆಂಕಿ ಬಿತ್ತೆಂದು ಮಿದುಳಿಗೆ ಸುದ್ದಿ ಕಳಿಸುತ್ತದೆ. ಈ ಗ್ರಾಹಕವನ್ನು ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ಗುರುತಿಸಿತು, 2021ರಲ್ಲಿ ಅವರಿಗೆ ನೊಬೆಲ್ ಬಂತು. ನೀರು ಕುಡಿದರೆ ಉರಿ ಇಳಿಯುವುದಿಲ್ಲ, ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದು ಕಡಿಮೆ. ಹಾಲು, ಮೊಸರಿನಲ್ಲಿರುವ ಕೇಸೀನ್ ಎಂಬ ಪ್ರೋಟೀನ್ ಅದನ್ನು ಹಿಡಿದು ತೆಗೆಯುತ್ತದೆ. ರಂಜಕದ ಮೇಲೆ ಮೊಸರು, ಊಟದ ಕೊನೆಗೆ ನುಚ್ಚು ಮಜ್ಜಿಗೆ ಎಂಬ ಕ್ರಮವನ್ನು ನಮ್ಮ ಅಡುಗೆಮನೆಗಳು ಯಾವ ಪ್ರಯೋಗಾಲಯಕ್ಕೂ ಕಾಯದೆ ಕಂಡುಕೊಂಡಿದ್ದವು.

ಉಪ್ಪು ಖಾರ ಬಿಡುವುದು ವ್ರತವೂ ಆಗಿತ್ತು. ಶೀಲ, ನೇಮಗಳ ಕುರಿತ ವಚನಗಳಲ್ಲಿ ಉಪ್ಪು ಬಿಟ್ಟು ಸಪ್ಪೆ ಉಣ್ಣುವವರ ಪ್ರಸ್ತಾಪ ಬರುತ್ತದೆ. ಮಾನ್ವಿಯಂಥ ಊರುಗಳ ಮಾಧ್ವ ಮನೆಗಳಲ್ಲಿ ಆಷಾಢ ಏಕಾದಶಿಯಿಂದ ಶುರುವಾಗುವ ಚಾತುರ್ಮಾಸ್ಯದ ಮೊದಲ ತಿಂಗಳು ಶಾಕವ್ರತ. ತರಕಾರಿ, ಹುಣಸೆ, ಮೆಣಸಿನಕಾಯಿ ಇಲ್ಲದ ಅಡುಗೆ. ಎರಡನೆಯ ತಿಂಗಳು ಮೊಸರು ಬಿಡಬೇಕು, ಮೂರನೆಯದರಲ್ಲಿ ಹಾಲು, ನಾಲ್ಕನೆಯದರಲ್ಲಿ ಬೇಳೆಕಾಳು. ವರ್ಷಕ್ಕೊಮ್ಮೆ ನಾಲಗೆಯನ್ನು ಅದರ ಚಟಗಳಿಂದ ಬಿಡಿಸುವ ಈ ಕ್ರಮ ಎಲ್ಲರಿಗೂ ಅಲ್ಲದಿರಬಹುದು. ಆದರೆ ಸಪ್ಪನೆಯ ಊಟವನ್ನು ಶಿಕ್ಷೆಯೆಂದು ನೋಡದೆ ಒಂದು ಆಯ್ಕೆಯೆಂದು ನೋಡಿದ ಪರಂಪರೆ ಇಲ್ಲಿತ್ತು, ಇದೆ.

ದೇವದುರ್ಗವನ್ನೂ ಮಾನ್ವಿಯನ್ನೂ ಒಂದೇ ಕಥೆಯಲ್ಲಿ ತರುವ ಹೊಟ್ಟೆನೋವೊಂದಿದೆ. ದಾಸ ಪರಂಪರೆಯಲ್ಲಿ ಇದನ್ನು ತಲೆತಲಾಂತರದಿಂದ ಹೇಳಿಕೊಂಡು ಬಂದಿದ್ದಾರೆ. ಮಾನ್ವಿ ತಾಲ್ಲೂಕಿನ ಬ್ಯಾಗವಾಟದಲ್ಲಿ ಹುಟ್ಟಿದ ಶ್ರೀನಿವಾಸಾಚಾರ್ಯರು ದೊಡ್ಡ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡುವ ದಾಸರೆಂದರೆ ಅವರಿಗೆ ಅಷ್ಟಕ್ಕಷ್ಟೆ. ಅದೇ ತಾಲ್ಲೂಕಿನ ಚೀಕಲಪರ್ವಿಯ ವಿಜಯದಾಸರು ಮಾನ್ವಿಗೆ ಬಂದು ಊಟಕ್ಕೆ ಕರೆದಾಗ ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡರಂತೆ. ನೆಪ ನಿಜವಾಯಿತು. ಅನ್ನ ಸೇರದ ಹೊಟ್ಟೆಶೂಲೆ ಹತ್ತಿಕೊಂಡಿತು. ಮಂತ್ರಾಲಯಕ್ಕೆ ಹೋದರು, ಅಲ್ಲಿಂದ ವಿಜಯದಾಸರಲ್ಲಿಗೆ, ಅವರಿಂದ ಶಿಷ್ಯರಾದ ಗೋಪಾಲದಾಸರಲ್ಲಿಗೆ. ಗೋಪಾಲದಾಸರ ಹುಟ್ಟೂರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲು. ಅವರು ಧನ್ವಂತರಿಯನ್ನು ಜಪಿಸಿ ಜೋಳದ ರೊಟ್ಟಿ ಉಣಿಸಿದರು, ತಮ್ಮ ಆಯುಷ್ಯದಲ್ಲಿ 40 ವರ್ಷವನ್ನು ಧಾರೆಯೆರೆದರು ಎನ್ನುತ್ತದೆ ಕಥೆ. ಗುಣವಾದ ಪಂಡಿತರು ಜಗನ್ನಾಥದಾಸರಾಗಿ (1728–1809) ಕನ್ನಡದಲ್ಲಿ 'ಹರಿಕಥಾಮೃತಸಾರ' ಬರೆದರು.

ಪವಾಡದ ಭಾಗವನ್ನು ನಂಬುವುದು ಬಿಡುವುದು ಅವರವರ ಶ್ರದ್ಧೆಗೆ ಬಿಟ್ಟದ್ದು. ನನ್ನನ್ನು ಹಿಡಿದು ನಿಲ್ಲಿಸುವುದು ಕಥೆಯಲ್ಲಿ ಬರುವ ಪಥ್ಯ. ರೋಗಿಗೆ ಸಿಕ್ಕಿದ್ದು ಬಡವರ ಮನೆಯ ದಿನನಿತ್ಯದ ರೊಟ್ಟಿ. ಪಾಂಡಿತ್ಯದ ಹಮ್ಮಿನಿಂದ ಕನ್ನಡವನ್ನು ಸಪ್ಪೆಯೆಂದು ಕಂಡವರ ಹೊಟ್ಟೆಗೆ ಹಿತವಾದದ್ದು ಜನರ ಊಟ, ನಾಲಗೆಗೆ ಹಿತವಾದದ್ದು ಜನರ ಭಾಷೆ. ಈ ಸೀಮೆ ತನ್ನ ರೊಟ್ಟಿಯ ಬಗ್ಗೆ ಹೇಳಿಕೊಂಡ ಕಥೆಗಳಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ಕಾಣೆ.

ಆ ರೊಟ್ಟಿಯ ಹೊಲಗಳು ಈಗ ಕಡಿಮೆಯಾಗಿವೆ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು ಎಡದಂಡೆ ಕಾಲುವೆ ಹರಿದ ಮೇಲೆ ಸಿಂಧನೂರು, ಮಾನ್ವಿಯ ಎರೆಹೊಲಗಳು ಗದ್ದೆಗಳಾದವು. ನಾರಾಯಣಪುರ ಬಲದಂಡೆ ಕಾಲುವೆಯಿಂದ ದೇವದುರ್ಗದಲ್ಲೂ ಬೆಳೆ ಬದಲಾಯಿತು. ಭತ್ತ ಕೈಗೆ ಹಣ ಕೊಟ್ಟಿತು, ಅದನ್ನು ಹಳಿಯುವ ಹಕ್ಕು ಯಾರಿಗೂ ಇಲ್ಲ. ಜೋಳ ಹಿಂದೆ ಸರಿದಂತೆ ನುಚ್ಚು, ಸಂಗಟಿ, ಅಂಬಲಿ ಅಡುಗೆಮನೆಯಿಂದ ಸರಿದವು ಎಂಬುದಷ್ಟೇ ನನ್ನ ವ್ಯಥೆ. ಬೆಳಗಿನ ಹೊತ್ತು ಅಂಬಲಿ ಕುಡಿದು ಹೊಲಕ್ಕೆ ಹೋಗುತ್ತಿದ್ದ ಜನ ಈಗ ಮಂಡಾಳ ಒಗ್ಗರಣಿ, ಮಿರ್ಚಿ ತಿಂದು ಕೆಲಸಕ್ಕೆ ಹೋಗುತ್ತಾರೆ. ಮಂಡಾಳ ಒಗ್ಗರಣಿ ನನಗೂ ಇಷ್ಟವೇ. ಅದು ವಾರಕ್ಕೊಮ್ಮೆಯ ಖುಷಿಯಾಗಿದ್ದಾಗ ಅದರ ರುಚಿಯೂ ಹೆಚ್ಚಿತ್ತು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿದಾಗ ಜೋಳದ ಬಗ್ಗೆ ಬೇಕಾದಷ್ಟು ಭಾಷಣಗಳಾದವು. ಜೋಳದ ಬಿಸ್ಕತ್ತು, ಜೋಳದ ಚಿಪ್ಸು ಅಂಗಡಿಗೆ ಬಂದವು, ಎಲ್ಲಕ್ಕೂ ಮಸಾಲೆ ಉಪ್ಪು ಸವರಿದ್ದರು. ಸಪ್ಪನ ಅಂಬಲಿಯನ್ನು ಮರಳಿ ತರುವ ಮಾತು ಅಷ್ಟಾಗಿ ಕೇಳಲಿಲ್ಲ.

ಇನ್ನು ಆಸ್ಪತ್ರೆಯ ವಿಷಯ. ಈ ಪದ ಅತ್ಯಂತ ಹೆಚ್ಚು ಹೊಣೆ ಹೊರುವುದು ಅಲ್ಲಿ. "ನಾಕು ದಿವ್ಸ ಸಪ್ಪನ ಊಟ ಮಾಡ್ರಿ" ಎಂಬ ಸಲಹೆ ನಮ್ಮ ಜಿಲ್ಲೆಯ ದವಾಖಾನೆಗಳಲ್ಲಿ ಬಾಯಿಂದ ಬಾಯಿಗೆ ಹೋಗುತ್ತದೆ. ಕೇಳಿದವರು ಏನು ಮಾಡಬೇಕು? ಸಪ್ಪನದು ಎಂದರೆ ಉಪ್ಪಿಲ್ಲದ್ದು ಎಂದು ಒಂದು ಮನೆ ತಿಳಿಯುತ್ತದೆ. ಸಪ್ಪನ ಬ್ಯಾಳಿ ಮಾಡುವ ಮನೆ ಖಾರವಿಲ್ಲದ್ದು ಎಂದು ತಿಳಿಯುತ್ತದೆ. ಮತ್ತೊಂದು ಮನೆಗೆ ಅದು ಎಣ್ಣೆ ಒಗ್ಗರಣೆ ಇಲ್ಲದ್ದು, ಇನ್ನೊಂದಕ್ಕೆ ಬರೀ ಬನ್ನು, ಹಾಲು. ನಾಲ್ಕೂ ಕನ್ನಡದ ನ್ಯಾಯವಾದ ಅರ್ಥಗಳೇ. ರೋಗ ಮಾತ್ರ ನಾಲ್ಕನ್ನೂ ಒಪ್ಪುವುದಿಲ್ಲ.

ವಾಂತಿಭೇದಿಯಾದವರ ದೇಹದಿಂದ ನೀರಿನ ಜೊತೆ ಉಪ್ಪೂ ಹೋಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಓಆರ್‌ಎಸ್‌ನಲ್ಲಿ ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್ ಜೊತೆಗೆ 2.6 ಗ್ರಾಂ ಅಡುಗೆ ಉಪ್ಪು ಇರುವುದು ಅದಕ್ಕೇ. ಗ್ಲೂಕೋಸ್ ಮತ್ತು ಉಪ್ಪು ಜೊತೆಗಿದ್ದರೆ ಕರುಳು ನೀರನ್ನು ಬೇಗ ಹೀರಿಕೊಳ್ಳುತ್ತದೆ. ಸುಡು ಬೇಸಿಗೆಯಲ್ಲಿ ಭೇದಿಯಾದ ಕೂಸಿಗೆ ಸಪ್ಪನದು ಎಂದು ಉಪ್ಪನ್ನೇ ಬಿಟ್ಟ ಗಂಜಿ ಕೊಟ್ಟರೆ ಬೇಕಾದ ಔಷಧವನ್ನೇ ತೆಗೆದಂತೆ. ರಕ್ತದೊತ್ತಡ ಇರುವವರ ಪಾಡು ಇದಕ್ಕೆ ತದ್ವಿರುದ್ಧ. ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಸುಮಾರು ಒಂದು ಟೀ ಚಮಚದಷ್ಟು ಉಪ್ಪು ಸಾಕು ಎನ್ನುತ್ತದೆ ಅದೇ ಸಂಸ್ಥೆ. ನಾವು ತಿನ್ನುವುದು ಅದಕ್ಕಿಂತ ಹೆಚ್ಚು. ಅಂಥವರಿಗೆ ಖಾರ ಬಿಟ್ಟು ಉಪ್ಪಿನಕಾಯಿ, ಹಪ್ಪಳ ತಿನ್ನಿಸುತ್ತ 'ಸಪ್ಪನ ಊಟ ನಡದದ' ಎಂದುಕೊಂಡರೆ ಮಾತ್ರೆಯೂ ಸೋಲುತ್ತದೆ. ಅವರಿಗೆ ಉಪ್ಪಿಲ್ಲದ ಜೋಳದ ರೊಟ್ಟಿಗಿಂತ ಒಳ್ಳೆಯ ಊಟ ಬೇರೆ ಬೇಕಿಲ್ಲ.

ಹೊಟ್ಟೆಹುಣ್ಣಿನ ಕಥೆ ಇನ್ನೂ ಸ್ವಾರಸ್ಯದ್ದು. 1915ರಲ್ಲಿ ಶಿಕಾಗೋದ ವೈದ್ಯ ಬರ್ಟ್ರಾಮ್ ಸಿಪ್ಪಿ ಗಂಟೆಗೊಮ್ಮೆ ಹಾಲು, ಕೆನೆ ಕೊಡುವ ಪಥ್ಯವನ್ನು ಜಾರಿಗೆ ತಂದರು. ಜಗತ್ತಿನ ವೈದ್ಯರು ದಶಕಗಳ ಕಾಲ ಹುಣ್ಣಿಗೆ ಸಪ್ಪೆ ಊಟವೇ ಮದ್ದೆಂದು ನಂಬಿದರು. 1982ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಜಠರದ ಹುಣ್ಣಿನ ಹಿಂದಿರುವ ಹೆಲಿಕೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸಿದರು, 2005ರಲ್ಲಿ ನೊಬೆಲ್ ಪಡೆದರು. ಬಹಳಷ್ಟು ಹುಣ್ಣುಗಳಿಗೆ ಆ ಬ್ಯಾಕ್ಟೀರಿಯಾ ಕಾರಣ, ಇನ್ನು ಕೆಲವಕ್ಕೆ ನೋವಿನ ಮಾತ್ರೆಗಳು. ಖಾರ ಬಿಟ್ಟರೆ ಉರಿ ಶಮನವಾದೀತು, ಹುಣ್ಣು ವಾಸಿಯಾಗಲು ಚಿಕಿತ್ಸೆಯೇ ಬೇಕು. ಸಪ್ಪನ ಊಟ ಮಾಡುತ್ತಿದ್ದೇನೆ ಎಂಬ ಸಮಾಧಾನದಲ್ಲಿ ತಿಂಗಳುಗಟ್ಟಲೆ ತಪಾಸಣೆ ಮುಂದೂಡುವವರು ಇದನ್ನು ತಿಳಿಯಬೇಕು.

ನನಗೆ ಎಲ್ಲಕ್ಕಿಂತ ಕಳವಳ ತರುವುದು ಬಾಣಂತಿಯರ ತಾಟು. ಸಪ್ಪನ ಊಟದ ಹೆಸರಿನಲ್ಲಿ ಹಸಿರು ಸೊಪ್ಪು ಬೇಡ, ಕಾಳು ಬೇಡ, ಹಣ್ಣು ಶೀತ, ನೀರು ಹೆಚ್ಚು ಕುಡಿಯಬಾರದು ಎಂದು ಒಂದೊಂದೇ ಕಿತ್ತುಕೊಳ್ಳುತ್ತಾರೆ. ಉಳಿಯುವುದು ಬಿಳಿ ಅನ್ನ, ಒಂದಿಷ್ಟು ತುಪ್ಪ, ಮೆಣಸಿನ ಸಾರು. ಹಾಲೂಡಿಸುವ ತಾಯಿಗೆ ಎಲ್ಲರಿಗಿಂತ ಹೆಚ್ಚು ಬೇಳೆ, ಸೊಪ್ಪು, ನೀರು ಬೇಕು. ರಕ್ತಹೀನತೆ ಮನೆಮನೆಯಲ್ಲಿರುವ ನಮ್ಮ ಭಾಗದಲ್ಲಿ ಇದು ಸಣ್ಣ ಮಾತಲ್ಲ. ಖಾರ ಕಡಿಮೆ ಮಾಡಿ, ಒಪ್ಪುತ್ತೇನೆ. ಸಪ್ಪನದು ಎಂಬ ಪದಕ್ಕೆ ಕಡಿಮೆಯದು ಎಂಬ ಅರ್ಥ ಯಾವ ನಿಘಂಟಿನಲ್ಲೂ ಇಲ್ಲ, ಹೆಣ್ಣುಮಕ್ಕಳ ತಾಟಿನಲ್ಲಿ ಅದನ್ನು ಹುಟ್ಟಿಸಬಾರದು.

ಆದ್ದರಿಂದ ರಾಯಚೂರು, ದೇವದುರ್ಗ, ಮಾನ್ವಿಯ ವೈದ್ಯರಲ್ಲಿ, ದಾದಿಯರಲ್ಲಿ, ಆಶಾ ಕಾರ್ಯಕರ್ತೆಯರಲ್ಲಿ ಒಂದು ಬಿನ್ನಹ. 'ಸಪ್ಪನ ಊಟ ಮಾಡ್ರಿ' ಎಂದು ಹೇಳಿ, ಅದು ಜನರಿಗೆ ಹತ್ತಿರದ ಮಾತು. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಉಪ್ಪು ಬಿಡಬೇಕೋ, ಖಾರ ಬಿಡಬೇಕೋ, ಎಣ್ಣೆ ಬಿಡಬೇಕೋ, ಎಷ್ಟು ದಿನ, ರೊಟ್ಟಿ ತಿನ್ನಬಹುದೋ ಇಲ್ಲವೋ ಎಂಬುದನ್ನೂ ಹೇಳಿ ಕಳಿಸಿ. ಹೇಳದಿದ್ದರೆ ಕೇಳುವ ಹಕ್ಕು ನಿಮಗಿದೆ ಓದುಗರೇ, ಚೀಟಿ ಹಿಡಿದು ಹೊರಗೆ ಬರುವ ಮುನ್ನ "ಸರ, ಸಪ್ಪನ್ನ ಅಂದ್ರ ಏನು ಬಿಡಬೇಕ್ರಿ?" ಎಂದು ಕೇಳಿ.